ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ

ಜೂನ್ 2, ಸೋಮವಾರ

ನಿವೃತ್ತರಾದ ಮೇಲೆ ದಿನಚರಿ ಬರೆಯಲು ಕೂರುವ ಮುದುಕರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೂ ಕೂತಿದ್ದೇನೆ. ಇವತ್ತು ಆದದ್ದನ್ನು ಎಲ್ಲಿಯಾದರೂ ಕಾರಿಕೊಳ್ಳದಿದ್ದರೆ ಬಿ.ಪಿ. ಏರುತ್ತದೆ. ಹೆಂಡತಿ ಶಿವಬಸಮ್ಮನಿಗೆ ಹೇಳೋಣವೆಂದರೆ ಅವಳು ನನ್ನಲ್ಲೇ ತಪ್ಪು ಹುಡುಕುತ್ತಾಳೆ.

ಹಗರಿಬೊಮ್ಮನಹಳ್ಳಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮಾಳಿಗೆಯ ಮೇಲೆ ಪ್ರವೀಣಕುಮಾರ್ ಒಂದು ತರಬೇತಿ ಕೇಂದ್ರ ತೆರೆದಿದ್ದಾನೆ. ಕೊಟ್ಟೂರು ಕಾಲೇಜಿನಲ್ಲಿ ನನ್ನ ಕೈಯಲ್ಲಿ ಓದಿದವನು. ಬಿ.ಎಡ್. ಮಾಡಿ ಕೆಲಸವಿಲ್ಲದೆ ಕೂತ ಶಿಕ್ಷಕರನ್ನು ತಯಾರು ಮಾಡಿ ಮಾಲ್ಡೀವ್ಸ್ ದ್ವೀಪಗಳ ಶಾಲೆಗಳಿಗೆ ಇಂಗ್ಲಿಷ್ ಕಲಿಸಲು ಕಳಿಸುವುದು ಅವನ ವ್ಯವಹಾರ. ಹೋದ ತಿಂಗಳು ಮನೆಗೆ ಬಂದು, "ಇಂಗ್ಲಿಷ್ ಅಂದ್ರ ನೀವ ಸರ, ನೀವು ಇಲ್ದ ನಾನು ಬಾಗಲ ತೆಗಿಯಂಗಿಲ್ಲ" ಎಂದು ಕಾಲು ಮುಟ್ಟಿದ್ದ. ಇವತ್ತು ಹೋಗಿ ನೋಡಿದರೆ ಬಾಗಿಲು ತೆಗೆದಿತ್ತು, ಒಳಗೆ ನನ್ನ ಕುರ್ಚಿಯಲ್ಲಿ ಇನ್ನೊಬ್ಬಳಿದ್ದಳು.

"ಇವರು ಚಂದನಾ ಮೇಡಂ. ಮಾಲ್ಡೀವ್ಸ್‌ನಾಗ ನಾಕು ವರ್ಷ ಕಲಿಸಿ ಬಂದಾರ. ಇವರು ಮೇನ್ ಟ್ರೇನರ್. ನೀವು ಗ್ರಾಮರ್ ನೋಡ್ಕೊಳ್ರಿ ಸರ" ಎಂದ.

ಹರಪನಹಳ್ಳಿಯ ಹುಡುಗಿ. ನನ್ನ ಸರ್ವಿಸಿನಷ್ಟು ಅವಳ ವಯಸ್ಸಿಲ್ಲ. ಬೆಂಚುಗಳನ್ನೆಲ್ಲ ಹೊರಗಿಡಿಸಿ ಕುರ್ಚಿಗಳನ್ನು ದುಂಡಗೆ ಹಾಕಿಸಿದ್ದಳು, ಪಂಚಾಯಿತಿ ಕಟ್ಟೆಯ ಹಾಗೆ. ಎಂಟು ಜನ ತರಬೇತಿಯವರು, ಹೆಚ್ಚಿನವರು ಹೆಂಗಸರು. ನನಗೆ ಉಳಿದದ್ದು ಕೊನೆಯ ಒಂದು ತಾಸು. ಪ್ರತಿಯೊಬ್ಬರಿಗೂ ತಮ್ಮ ಪರಿಚಯ ಹೇಳಲು ಹೇಳಿದೆ. ಉಚ್ಚಂಗಿದುರ್ಗದವಳೊಬ್ಬಳು ಎದ್ದು ನಿಂತು "ಮೈಸೆಲ್ಫ್ ಓಬಮ್ಮ" ಎಂದಳು.

"ಮೈಸೆಲ್ಫ್ ಅನ್ನೋದು ನಿನ್ನ ಇನಿಷಿಯಲ್ ಏನಮ್ಮ?" ಎಂದೆ.

ಎಲ್ಲರೂ ನಕ್ಕರು. ಚಂದನಾ ಎಂಬವಳು ನಗಲಿಲ್ಲ.

ಜೂನ್ 5, ಗುರುವಾರ

ಮಾಲ್ಡೀವ್ಸ್ ಮೇಡಂ ಇವತ್ತು ನನಗೇ ಪಾಠ ಹೇಳಿದರು. ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು, ಗೊಬ್ಬರದ ಘಾಟಿನ ನಡುವೆ.

"ಸರ್, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬ್ಯಾಡ್ರಿ. ಓಬಮ್ಮ ಬಾಯಿ ತೆಗೆದ್ರೆ ಸಾಕು, ನೀವು ತಿದ್ದಕ್ಕೆ ನಿಂತಿರ್ತೀರಿ. ಹಿಂಗಾದ್ರೆ ನಾಳೆಯಿಂದ ಅವ್ಳು ಬಾಯೇ ತೆಗೆಯಲ್ಲ."

"ತಪ್ಪು ತಿದ್ದಬಾರದಂದ್ರ ಮೇಷ್ಟ್ರು ಯಾಕಮ್ಮ ಬೇಕು?"

"ತಿದ್ರಿ. ಆದ್ರೆ ಅವ್ಳು ಹೇಳೋದು ಮುಗೀಲಿ. ಅಲ್ಲಿ ಇವ್ರ ಮುಂದೆ ಕೂರೋ ಮಕ್ಳಿಗೆ ಇಂಗ್ಲಿಷ್ ಮನೆ ಮಾತಲ್ಲ. ಇವ್ರು ಇಲ್ಲಿ ಹೆಂಗೆ ಕಲೀತಾರೋ ಅಲ್ಲಿ ಹಂಗೇ ಕಲಿಸ್ತಾರೆ."

ನಾನು ಕಲಿಸಿದ ಇಂಗ್ಲಿಷಿನಿಂದ ಈ ಸೀಮೆಯ ಅರ್ಧ ಕಚೇರಿಗಳು ನಡೆಯುತ್ತಿವೆ. ಕೂಡ್ಲಿಗಿಯಿಂದ ಹಡಗಲಿವರೆಗೆ ಯಾವ ಬ್ಯಾಂಕಿಗೆ ಹೋದರೂ ಒಬ್ಬನಾದರೂ ಎದ್ದು ನಿಂತು ನಮಸ್ಕಾರ ಮಾಡುತ್ತಾನೆ. ಅವರಲ್ಲಿ ಯಾರನ್ನೂ ನಾನು ಪದ ಬರೆದ ಚೀಟಿ ಹಿಡಿದು ಆಟ ಆಡಿಸಿರಲಿಲ್ಲ. ಇವಳು ಚೀಟಿ ಹಿಡಿದು ಆಡಿಸುತ್ತಾಳೆ, ನಡುನಡುವೆ ಕೈಬಾಯಿ ತಿರುಗಿಸುತ್ತಾಳೆ, ಗೋಡೆಗೆ ಚಿತ್ರ ಅಂಟಿಸುತ್ತಾಳೆ. ಕ್ಲಾಸಿನಲ್ಲಿ ಅವಳೇ ಎಲ್ಲರಿಗಿಂತ ಕಡಿಮೆ ಮಾತಾಡುತ್ತಾಳೆ. ಸಂಬಳ ಮಾತ್ರ ಪೂರ್ತಿ.

ಜೂನ್ 11, ಬುಧವಾರ

ಈ ಅವಮಾನವನ್ನು ನಾನು ಮರೆಯುವುದಿಲ್ಲ.

ಚಂದನಾ ತನ್ನ ಕ್ಲಾಸಿಗೆ ಬಂದು ಕೂರಲು ಕೇಳಿದಳು. "ತರಬೇತಿಯವ್ರ ಸಾಲಿನಾಗೆ ಕೂತ್ಕಳ್ರಿ ಸರ್" ಎಂದಳು. ಕೂತೆ. ಬಾಗಿಲು ಹಾಕಿ ಪಾಠ ಶುರು ಮಾಡಿದಳು: ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಲ್ಲ, ಮಾಲ್ಡೀವ್ಸಿನವರು ಆಡುವ ದಿವೇಹಿ ಭಾಷೆಯಲ್ಲಿ. ಮುಕ್ಕಾಲು ತಾಸು ಬೇರೆ ಮಾತೇ ಇಲ್ಲ. ನೀರಿನ ಲೋಟ ಎತ್ತಿ ಹಿಡಿದು "ಫೆನ್" ಎಂದಳು. ಮೀನಿನ ಚಿತ್ರ ತೋರಿಸಿ "ಮಸ್" ಎಂದಳು. ಹೌದು ಅನ್ನಲು "ಆಂ", ಅಲ್ಲ ಅನ್ನಲು "ನೂನ್". ಇಷ್ಟು ಗೊತ್ತಾಯಿತು. ಆಮೇಲೆ ಬೇಕೆಂದೇ ಮಾತಿನ ವೇಗ ಹೆಚ್ಚಿಸಿದಳು.

ಎದುರಿಗೆ ನಿಂತು ಇಷ್ಟುದ್ದ ಏನೋ ಒದರುವಾಗ ಏನು ಮಾಡಬೇಕು ಮನುಷ್ಯ? ಸುಮ್ಮನೆ ಕೂತರೆ ದಡ್ಡನಂತೆ ಕಾಣುತ್ತದೆ. ಪಕ್ಕದವರು ತಲೆಯಾಡಿಸಿದಾಗ ನಾನೂ ಆಡಿಸಿದೆ. ಅವಳು ನನ್ನ ಹತ್ತಿರ ಬಂದು ಬಹಳ ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳಿದಳು. ನಾನೂ ಮರ್ಯಾದೆಯಿಂದ "ಆಂ" ಎಂದೆ.

ಪಾಠ ಮುಗಿದ ಮೇಲೆ ಕನ್ನಡದಲ್ಲಿ ಹೇಳಿದಳು. ಅವಳು ಕೇಳಿದ್ದು, ನೀವು ಮೀನೇ ಎಂದು.

ಕೊಟ್ಟೂರಿನ ಗುರುಶಾಂತಪ್ಪ, ಕೊರಳಲ್ಲಿ ಲಿಂಗ ಕಟ್ಟಿದವನು, ಎಂಟು ಜನರ ಎದುರಿಗೆ ತಾನು ಮೀನೆಂದು ಒಪ್ಪಿಕೊಂಡ. ಕೋಗಳಿಯ ಗೀತಾಂಜಲಿಯಂತೂ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳೊಬ್ಬಳ ಇಂಗ್ಲಿಷ್ ಚೆನ್ನಾಗಿದೆಯೆಂದು ನಾನು ಎಲ್ಲರೆದುರು ಹೊಗಳಿದ್ದೆ.

"ತಿಳೀದಿದ್ರೂ ಮಕ್ಳು ಹೂಂ ಅಂತಾರೆ" ಎಂದು ಚಂದನಾ ಎಲ್ಲರಿಗೂ ಹೇಳುತ್ತಿದ್ದಳು. "ಮಾನ ಉಳಿಸ್ಕಣಕ್ಕೆ ಹೂಂ ಅಂತಾರೆ. ಅದನ್ನ ನಂಬಿ ಮುಂದಕ್ಕೆ ಹೋಗಬ್ಯಾಡ್ರಿ."

ಪೂರ್ತಿ ಕೇಳಲು ನಾನು ಅಲ್ಲಿರಲಿಲ್ಲ. ಸಿಕ್ಕ ಬಸ್ಸು ಹತ್ತಿ ಬಂದುಬಿಟ್ಟೆ. ಶಿವಬಸಮ್ಮ ಕಾರಣ ಕೇಳಿದಳು. ಹೇಳಿದೆ. ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು.

"ಮನ್ಯಾಗ ಮಾತಿಗೊಂದು ಕರೆಕ್ಷನ್ ಮಾಡ್ತೀರಲ್ಲ, ನಿಮಗೂ ಒಬ್ಬರು ಸಿಕ್ಕರು ಬಿಡ್ರಿ."

ಜೂನ್ 12, ಗುರುವಾರ

ಹೋಗಲಿಲ್ಲ.

ಜೂನ್ 13, ಶುಕ್ರವಾರ

ಪ್ರವೀಣಕುಮಾರನೇ ಫೋನ್ ಮಾಡಿ ಕರೆದ. ಹೋಗಿ ಅವನ ಎದುರಿಗೆ ಕೂತು, ಅವಳಿರಬೇಕು ಇಲ್ಲವೆ ನಾನಿರಬೇಕು ಎಂದೆ.

"ಸ್ವಲ್ಪ ತಡಕೊಳ್ರಿ ಸರ. ಆಕಿ ಹೆಸರು ನೋಡೇ ಮಂದಿ ಸೇರ್ಯಾರ. ಈ ಬ್ಯಾಚ್ ಮುಗೀಲಿ."

ಬಾಡಿಗೆ ಎತ್ತುಗಳ ಬಗ್ಗೆ ಆಡುವಂತೆ ಆಡುತ್ತಾನೆ ನಮ್ಮಿಬ್ಬರ ಬಗ್ಗೆ.

ಜೂನ್ 20, ಶುಕ್ರವಾರ

ಉಚ್ಚಂಗಿದುರ್ಗದವಳಿಗೆ ಇವತ್ತು ಉಚ್ಚಾರ ಹಚ್ಚಿದ್ದೆ. ವೆಸ್ಟ್ ಎರಡು ಬಗೆ, ದಿಕ್ಕು ಒಂದು, ಬನಿಯನ್ ಒಂದು; ಜೂ ಎರಡು ಬಗೆ, ಮೃಗಾಲಯ ಒಂದು, ಯೆಹೂದಿ ಒಂದು. ನಾಲಿಗೆ ತಿರುಗುವುದಿಲ್ಲ. ಆರು ವರ್ಷದಿಂದ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಂತೆ. ಪ್ರತಿ ಬೇಸಿಗೆಗೂ ಬಿಡುಗಡೆ, ಪ್ರತಿ ಜೂನಿಗೂ ಮತ್ತೆ ಅರ್ಜಿ. ಅಣ್ಣ ರಾಮಾಂಜಿನಿ ಕುರಿ ಸಾಕುತ್ತಾನೆ, ಇವಳನ್ನು ಓದಿಸಿದವನು ಅವನೇ ಎಂದು ಗೀತಾಂಜಲಿ ಹೇಳಿದಳು. ಹೇಳಲಿ. ಕಷ್ಟವಿದ್ದ ಮಾತ್ರಕ್ಕೆ ಉಚ್ಚಾರ ಸರಿಯಾಗುವುದಿಲ್ಲ.

ಹತ್ತಾರು ಸಲ ಹೇಳಿಸಿದೆ. ಕಡೆಗೆ ಅವಳು ಪುಸ್ತಕ ಮುಚ್ಚಿದಳು.

"ನಿಮ್ಮ ಕ್ಲಾಸ್ನಾಗೆ ಕೂತ್ರೆ ನಂಗೆ ಬರೋ ಇಂಗ್ಲಿಷೂ ಮರ್ತೋಗ್ತೈತೆ ಸರ್."

ಎದುರು ಮಾತು! ಅದೂ ಎಲ್ಲರ ಮುಂದೆ!

"ಹಂಗಾದ್ರ ಕುರಿ ಕಾಯಾಕ ಹೋಗು. ಅಲ್ಲಿ ಇಂಗ್ಲಿಷ್ ಬೇಕಾಗಿಲ್ಲ" ಎಂದೆ.

ಯಾರೂ ನಗಲಿಲ್ಲ. ಅವಳು ಅಳಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ಚಂದನಾ, "ಸರ್, ಹೊರಗೆ ಬರ್ರಿ" ಎಂದಳು. ನಾನು ಹೋಗಲಿಲ್ಲ. ನನ್ನ ತಾಸು, ನಾನು ಮುಗಿಸಿದೆ.

ಅಂದೆ. ಏನೀಗ? ನಮ್ಮ ಮೇಷ್ಟ್ರುಗಳು ಇದಕ್ಕಿಂತ ಹೆಚ್ಚು ಅಂದಿದ್ದಾರೆ, ನಾವು ಸತ್ತಿಲ್ಲ.

ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಯಾಕೋ ನಿಂತೇ ಬಂದೆ.

ಜೂನ್ 24, ಮಂಗಳವಾರ

ಓಬಮ್ಮ ಬರುತ್ತಿದ್ದಾಳೆ. ನನ್ನ ತಾಸಿನಲ್ಲಿ ಬಾಯಿ ಬಿಡುವುದಿಲ್ಲ. ಏನು ಕೇಳಿದರೂ "ಎಸ್ ಸರ್". ಒಳ್ಳೆಯದೇ ಆಯಿತು, ತಪ್ಪುಗಳೂ ಇಲ್ಲ.

ಜೂನ್ 27, ಶುಕ್ರವಾರ

ಪೀಡೆ ತೊಲಗಿತು.

ಇವತ್ತು ಮುಂಬೈ ಏಜೆಂಟ್ ವಿಡಿಯೋದಲ್ಲಿ ಬಂದಿದ್ದ. ದ್ವೀಪದ ಶಾಲೆಗಳಿಗೆ ಜನ ಒದಗಿಸುವವನು ಅವನೇ, ಪ್ರವೀಣಕುಮಾರ್ ಅವನ ಕೈಕೆಳಗಿನವನು. ಗೋಡೆಯ ಮೇಲೆ ದೊಡ್ಡದಾಗಿ ಅವನ ಮುಖ. ಟೈ ಕಟ್ಟಿಕೊಂಡು, ನಗುನಗುತ್ತ, ಮಳೆ ಹೊಡೆದಂತೆ ಇಂಗ್ಲಿಷ್ ಆಡಿದ. ವ್ಯಾಕರಣ ಶುದ್ಧವಿತ್ತು, ಅದನ್ನು ಒಪ್ಪಬೇಕು. ಸಮುದ್ರ, ಮಕ್ಕಳು, ವಸತಿ ಎಲ್ಲ ಹೇಳುತ್ತ ಹೇಳುತ್ತ ಅದೇ ನಗುವಿನಲ್ಲಿ ಇನ್ನೊಂದು ಹೇಳಿದ: ಒಪ್ಪಂದದ ಅವಧಿ ಮುಗಿಯುವವರೆಗೆ ನಿಮ್ಮ ಪಾಸ್‌ಪೋರ್ಟು, ಮೂಲ ಪದವಿಪತ್ರಗಳು ನಮ್ಮ ಕಸ್ಟಡಿಯಲ್ಲಿರುತ್ತವೆ, ನಡುವೆ ಬಿಟ್ಟು ಬರಲು ಅವಕಾಶವಿಲ್ಲ. "ಈಸ್ ದಟ್ ಕ್ಲಿಯರ್?" ಎಂದ.

"ಎಸ್ ಸರ್" ಎಂದರು ಎಲ್ಲರೂ. ಎಂಟು ತಲೆಗಳೂ ಆಡಿದವು.

ಚಂದನಾ ಎದ್ದಳು. "ನಿಲ್ಸಿ. ಇವ್ರಿಗೆ ಅದು ತಿಳಿದಿಲ್ಲ. ಕನ್ನಡದಾಗೆ ಒಂದ್ಸಲ ಹೇಳ್ತೀನಿ" ಎಂದಳು. ಪ್ರವೀಣಕುಮಾರ್ ಓಡಿಬಂದು ಲ್ಯಾಪ್‌ಟಾಪಿನ ಮೈಕು ಬಂದ್ ಮಾಡಿದ. ಆಮೇಲೆ ಮೆಟ್ಟಿಲ ಮೇಲೆ ಇಬ್ಬರಿಗೂ ಜಗಳ. ಕೆಳಗಿನ ಗೊಬ್ಬರದ ಅಂಗಡಿಯ ಗಿರಾಕಿಗಳೆಲ್ಲ ಮೇಲೆ ನೋಡುತ್ತಿದ್ದರು.

"ನನ್ನ ಹೊಟ್ಟಿ ಮ್ಯಾಲೆ ಹೊಡೀತೀರೇನು ಮೇಡಂ? ನಾಳಿಂದ ಬರಬ್ಯಾಡ್ರಿ!"

"ಬಾ ಅಂದ್ರೂ ಬರಲ್ಲ ನಾನು!"

ಚೀಲ ತಗೊಂಡು ಹೋಗುವಾಗ ನನ್ನ ಕಡೆ ನೋಡಿದಳು. ನಾನೇನಾದರೂ ಅನ್ನಲಿ ಎಂದು ನಿಂತಂತಿತ್ತು. ನಾನು ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಈಗ ಮೇನ್ ಟ್ರೇನರ್ ನಾನೇ. ಬರುವಾಗ ಹೆಂಡತಿಗೆ ಒಂದು ಮೊಳ ಮಲ್ಲಿಗೆ ತಂದೆ. "ಏನ್ ವಿಶೇಷ?" ಎಂದಳು. ಹೇಳಿದೆ. ಮುಡಿಯದೆ ದೇವರ ಮುಂದೆ ಇಟ್ಟಳು.

ಜೂನ್ 28, ಶನಿವಾರ

ಮೇನ್ ಟ್ರೇನರ್ ಆದ ಮೊದಲ ದಿನ. ಬೆಂಚುಗಳನ್ನು ಒಳಗೆ ತರಿಸಿದೆ.

ನಿನ್ನೆ ಏಜೆಂಟ್ ಹೇಳಿದ್ದನ್ನು ಕೇಳಿ ತಿಳಿಯುವ ಅಭ್ಯಾಸದ ಪಾಠವಾಗಿ ತೆಗೆದುಕೊಳ್ಳೋಣವೆಂದು, ಕಸ್ಟಡಿ ಅಂದರೇನು ಎಂದು ಪ್ರಶ್ನಿಸಿದೆ.

"ಪೊಲೀಸ್ ಕಸ್ಟಡಿ ಸರ" ಎಂದರು ಹಿಂದಿನ ಬೆಂಚಿನವರು.

"ನಿನ್ನೆ ಅವರು ಯಾವುದನ್ನ ಕಸ್ಟಡಿಯಾಗ ಇಡ್ತೀವಿ ಅಂದ್ರು?"

ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಕ್ಕಳನ್ನು ಸುರಕ್ಷಿತವಾಗಿ ನೋಡಿಕೊಳ್ಳಬೇಕು ಎಂದು ಅರ್ಥ ಮಾಡಿಕೊಂಡವರು ಒಬ್ಬರು. ಹಾಸ್ಟೆಲ್ ವ್ಯವಸ್ಥೆ ಎಂದುಕೊಂಡವರು ಇನ್ನೊಬ್ಬರು. ಗೀತಾಂಜಲಿ ಮಾತ್ರ ತಲೆ ತಗ್ಗಿಸಿ ಕೂತಿದ್ದಳು.

"ತಿಳೀದಿದ್ರ ಎಸ್ ಸರ್ ಅಂತ ಯಾಕ ಅಂದ್ರಿ?"

ಓಬಮ್ಮ ಎದ್ದಳು. ಆ ಕುರಿ ಕಾಯುವ ಮಾತಾದ ಮೇಲೆ ಮೊದಲ ಸಲ ನನ್ನ ಜೊತೆ ಮಾತಾಡಿದ್ದು. "ನೀವು ಕೇಳಿದಾಗ್ಲೂ ಹಂಗೇ ಅಂತೀವಲ್ಲ ಸರ್" ಎಂದಳು.

ದಂಡಪಿಂಡಗಳು. ಇವರು ಹೋಗಿ ಇನ್ನೊಬ್ಬರಿಗೆ ಕಲಿಸುತ್ತಾರಂತೆ.

ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪಾಸ್‌ಪೋರ್ಟು ಅವರ ಹತ್ತಿರ ಎಂದ ಕೂಡಲೇ ಬರೆದುಕೊಳ್ಳುತ್ತಿದ್ದ ಪೆನ್ನುಗಳೆಲ್ಲ ನಿಂತವು.

ಜುಲೈ 1, ಮಂಗಳವಾರ

ಪರೀಕ್ಷಿಸಿ ನೋಡಿದೆ. ನಾನೇ ಏಜೆಂಟನಂತೆ ನಿಂತು, ಡಿಕ್ಷನರಿಯ ಮೂಲೆಯ ಪದಗಳನ್ನೆಲ್ಲ ಸೇರಿಸಿ, ನಗುನಗುತ್ತ ಇಂಗ್ಲಿಷಿನಲ್ಲಿ ಕೇಳಿದೆ: ನೀವೆಲ್ಲರೂ ಕತ್ತೆಯ ಸಂತಾನವೇ?

"ಎಸ್ ಸರ್."

ನಗು ಬರಬೇಕಿತ್ತು. ಬರಲಿಲ್ಲ. ತಲೆಯಾಡಿಸುವ ಆ ರೀತಿ ನನಗೆ ಒಳಗಿನಿಂದ ಗೊತ್ತಿತ್ತು, ಕುತ್ತಿಗೆಯ ನರಕ್ಕೆ ಗೊತ್ತಿತ್ತು.

ಓಬಮ್ಮ ಮಾತ್ರ ತಲೆಯಾಡಿಸಿರಲಿಲ್ಲ. "ತಿಳೀಲಿಲ್ಲ" ಎಂದಳು.

"ಇಂಗ್ಲಿಷ್ನಾಗ ಹೇಳು."

"ಐ ನಾಟ್ ಅಂಡರ್‌ಸ್ಟ್ಯಾಂಡ್. ಸೇ ಅಗೇನ್."

ಡಿಡ್ ಸೇರಿಸಬೇಕಿತ್ತು. ಬಾಯಿ ತೆರೆದೆ. ಊಟದ ಹೊತ್ತಾಗಿತ್ತು, ಬಿಟ್ಟೆ.

ಜುಲೈ 4, ಶುಕ್ರವಾರ

ಈ ವಾರವೆಲ್ಲ ಅದೊಂದೇ ಅಭ್ಯಾಸ. ನಾನು ವೇಗವಾಗಿ ಮಾತಾಡುವುದು, ಅವರು ನಿಲ್ಲಿಸುವುದು. ನಿಲ್ಲಿಸಲು ಧೈರ್ಯ ಬೇಕು. ಮೊದಲ ದಿನ ಇಬ್ಬರು ನಿಲ್ಲಿಸಿದರು. ಇವತ್ತು ನನ್ನ ಒಂದು ವಾಕ್ಯ ಮುಗಿಸಲೂ ಬಿಡಲಿಲ್ಲ, ಕಾಗೆಗಳ ಹಾಗೆ ಮೇಲೆ ಬಿದ್ದರು. ನನ್ನ ಗಂಟಲು ಕಟ್ಟಿದೆ.

ಬೆಂಚಿನಲ್ಲಿ ಕೂತರೆ ಹಿಂದಿನವರ ಮುಖ ಕಾಣುವುದಿಲ್ಲವಾದ್ದರಿಂದ ಕುರ್ಚಿಗಳನ್ನು ದುಂಡಗೆ ಹಾಕಿಸಿದೆ. ಆ ಮೇಡಮ್ಮಿನ ಪದ್ಧತಿಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಜುಲೈ 8, ಮಂಗಳವಾರ

ಚಂದನಾಗೆ ಫೋನ್ ಮಾಡಬೇಕಾಯಿತು. ಮಾಹಿತಿಗಾಗಿ, ಅಷ್ಟೇ.

"ನನ್ನ ಓಡ್ಸಿ ಆಯ್ತಲ್ಲ ಸರ್, ಇನ್ನೇನು?" ಎಂದಳು.

"ನಿನ್ನ ನಾನು ಓಡಿಸಲಿಲ್ಲಮ್ಮ."

"ಹೌದು, ಓಡ್ಸಲಿಲ್ಲ. ಕನ್ನಡಕ ಒರೆಸ್ತಿದ್ರಿ."

ಫೋನ್ ಇಡಬೇಕೆನ್ನಿಸಿತು. ಇಡಲಿಲ್ಲ. ಪಾಸ್‌ಪೋರ್ಟ್ ಅವರ ಹತ್ತಿರ ಇದ್ದರೆ ಆಗುವುದೇನು ಎಂದು ಕೇಳಿದೆ. ಹೇಳಿದಳು.

"ನಾನಿದ್ದ ಶಾಲೆ ಚಲೋದು ಸರ್. ನೇರ ಹೋಗಿದ್ದೆ, ಪಾಸ್‌ಪೋರ್ಟು ನನ್ನ ಟ್ರಂಕಿನಾಗೇ ಇತ್ತು. ಪಕ್ಕದ ದ್ವೀಪಕ್ಕೆ ಇಂಥ ಏಜೆಂಟ್ ಕಡೆಯಿಂದ ಬಂದೋಳು ಒಬ್ಳಿದ್ಲು. ಅವ್ರವ್ವ ತೀರಿಕೊಂಡಾಗ ಅವ್ಳು ಊರಿಗೆ ಬರಕ್ಕಾಗ್ಲಿಲ್ಲ. ಮಣ್ಣು ಮಾಡೋದನ್ನ ಫೋನ್ನಾಗೆ ನೋಡಿದ್ಲು. ನಾನು ಅವ್ಳ ಪಕ್ಕ ಕೂತಿದ್ದೆ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ನಿಮ್ಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರ್ತೈತೆ. ಆವತ್ತು ಅವ್ನು ಹೇಳಿದ್ದು ನನಗಿಂತ ಮುಂಚೆ ನಿಮ್ಗೆ ತಿಳಿದಿತ್ತು" ಎಂದು ಅವಳೇ ಫೋನ್ ಇಟ್ಟಳು.

ನಾಲಿಗೆಯಲ್ಲಿ ಮರ್ಯಾದೆಯಿಲ್ಲ. ಊಟ ಸೇರಲಿಲ್ಲ.

ಜುಲೈ 12, ಶನಿವಾರ

ಪ್ರವೀಣಕುಮಾರನಿಗೆ ಸುದ್ದಿ ಮುಟ್ಟಿದೆ. ಒಳಗೆ ಕರೆದ. ಕುರ್ಚಿ ತೋರಿಸಲಿಲ್ಲ.

"ಏನ್ ಕಲಸಾಕ ಹತ್ತೀರಿ ಸರ? ಸೇ ಅಗೇನ್, ಸೇ ಅಗೇನ್ ಅಂತ? ಸೋಮವಾರ ಫೈನಲ್ ಇಂಟರ್‌ವ್ಯೂ ಐತಿ. ಹುಡುಗ್ಯಾರು ನಗಬೇಕು, ಎಸ್ ಅನಬೇಕು, ಮುಗೀತು."

"ಅವರಿಗೆ ಷರತ್ತು ತಿಳೀಬೇಕಲ್ಲಪ್ಪ."

"ಅಲ್ಲಿ ಹೋದ ಮ್ಯಾಲೆ ತಿಳೀತೈತಿ. ನೀವು ನಮಗ ಏನ್ ತಿಳಿಸಿ ಪಾಸ್ ಮಾಡಿಸಿದ್ರಿ? ಬಾಯಿಪಾಠ ಮಾಡ್ರಿ ಅಂದ್ರಿ, ಮಾಡಿದ್ವಿ. ಅರ್ಥ ಕೇಳಿದ್ರ ಬೆಂಚ್ ಮ್ಯಾಲೆ ನಿಲ್ಲಸ್ತಿದ್ರಿ."

ನನ್ನ ಎದುರಿಗೆ ದನಿ ಎತ್ತಿ ಮಾತಾಡುವಷ್ಟು ಬೆಳೆದಿದ್ದಾನೆ. ಕೆನ್ನೆಗೆ ಬಾರಿಸಬೇಕೆನ್ನಿಸಿತು. ಇಂಟರ್‌ವ್ಯೂ ಹೊತ್ತಿನಲ್ಲಿ ನಾನೂ ಪಕ್ಕದಲ್ಲಿ ಕೂರಬೇಕಂತೆ, ಯಾರಾದರೂ ತಡವರಿಸಿದರೆ ಮೆಲ್ಲಗೆ ಉತ್ತರ ಹೇಳಿಕೊಡಲು. ಆಗಲಿ ಎಂದೆ.

ಜುಲೈ 14, ಸೋಮವಾರ

ಇದ್ದದ್ದು ಇದ್ದಹಾಗೆ ಬರೆದಿಡುತ್ತೇನೆ.

ಮೊದಲು ಗೀತಾಂಜಲಿ. ನೀರು ಹರಿದಂತೆ ಮಾತಾಡಿ ಬಂದಳು. ಎರಡನೆಯವಳು ಓಬಮ್ಮ. ಹಸಿರು ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ, ಸೆರಗಿನ ತುದಿಯನ್ನು ಕೈಬೆರಳುಗಳಿಗೆ ಸುತ್ತಿಕೊಂಡಿದ್ದಳು. ನಾನು ಅವಳ ಪಕ್ಕದ ಕುರ್ಚಿಯಲ್ಲಿ, ಕ್ಯಾಮೆರಾಕ್ಕೆ ಕಾಣದ ಹಾಗೆ. ಪ್ರವೀಣಕುಮಾರ್ ಎದುರಿಗೆ ನಿಂತು, ನಗು ನಗು ಎಂದು ಕೈಸನ್ನೆ ಮಾಡುತ್ತಿದ್ದ.

ಹೆಸರು, ಊರು, ಅನುಭವ ಆಯಿತು. "ಐ ಆಮ್ ಓಬಮ್ಮ" ಎಂದಳು. ನಂತರ ಏಜೆಂಟ್ ಅದೇ ಹಳೆಯ ಧಾಟಿಯಲ್ಲಿ ಷರತ್ತುಗಳನ್ನು ಉರುಳಿಸಿ, "ಕ್ಲಿಯರ್?" ಎಂದ.

"ಐ ನಾಟ್ ಅಂಡರ್‌ಸ್ಟ್ಯಾಂಡ್. ಪ್ಲೀಸ್ ಸೇ ಅಗೇನ್."

ಅವನು ನಕ್ಕು ಇನ್ನೊಮ್ಮೆ ಹೇಳಿದ. ಅಷ್ಟೇ ವೇಗ.

"ಸ್ಲೋ ಸೇ, ಪ್ಲೀಸ್."

ಪ್ರವೀಣಕುಮಾರ್ ನನ್ನತ್ತ ಕಣ್ಣು ಕೆಂಪಗೆ ಮಾಡಿದ, ಹೇಳಿಕೊಡ್ರಿ ಎಂದು ತುಟಿಯಲ್ಲೇ ಅಂದ. ನಾನು ಗೋಡೆ ನೋಡುತ್ತ ಕೂತೆ. ಮೂರನೆಯ ಸಲಕ್ಕೆ ಏಜೆಂಟನ ನಗು ಹೋಯಿತು. ಒಂದೊಂದೇ ಪದ, ಎಳೆ ಮಗುವಿಗೆ ಹೇಳುವಂತೆ, ಅವಳನ್ನು ಅಣಕಿಸುತ್ತ ಹೇಳಿದ: ಯುವರ್. ಪಾಸ್‌ಪೋರ್ಟ್. ವಿಲ್. ಸ್ಟೇ. ವಿತ್. ಅಸ್.

ಈಗ ಅದು ಬೆತ್ತಲೆ ನಿಂತಿತು. ಮುಚ್ಚಲು ಒಂದು ಪದವೂ ಉಳಿಯಲಿಲ್ಲ.

ಓಬಮ್ಮ ಸೆರಗು ಬಿಟ್ಟಳು. "ಮೈ ಪಾಸ್‌ಪೋರ್ಟ್, ಮೈ ಹ್ಯಾಂಡ್. ದೆನ್ ಐ ಕಮ್" ಎಂದಳು.

ಮೊದಲ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಎರಡನೆಯದರಲ್ಲಿ ಕಾಲ ತಪ್ಪು. ನಾನು ಪಕ್ಕದಲ್ಲೇ ಇದ್ದೆ. ತುಟಿ ಅಲುಗಿಸಲಿಲ್ಲ.

ಏಜೆಂಟ್ ಸಿಟ್ಟಿನಿಂದ, "ಹೂ ಹ್ಯಾಸ್ ಟ್ರೇನ್ಡ್ ದೆಮ್?" ಎಂದು, ಇವರಿಗೆ ತರಬೇತಿ ಕೊಟ್ಟವನು ಯಾರೆಂದು ಕೇಳಿದ. ಪ್ರವೀಣಕುಮಾರ್ ಬಾಯಿ ತೆರೆಯುವ ಮುಂಚೆ ನಾನು ಕುರ್ಚಿಯನ್ನು ಕ್ಯಾಮೆರಾದ ಎದುರಿಗೆ ಎಳೆದುಕೊಂಡೆ.

"ಐ ಹ್ಯಾವ್" ಎಂದೆ. ನನ್ನ ಜೊತೆ ಇನ್ನೊಬ್ಬರು ಇದ್ದರು, ಅವರನ್ನು ಹೊರಗೆ ಹಾಕಿದ್ದೀರಿ ಎಂದೂ ಹೇಳಿದೆ. ಆಮೇಲೆ ಇನ್ನೂ ಒಂದಿಷ್ಟು ಹೇಳಿದೆ. ಬಹಳ ವರ್ಷಗಳ ಮೇಲೆ ಇಂಗ್ಲಿಷಿನಲ್ಲಿ ಬೈದೆ, ಒಳ್ಳೆಯ ಬೈಗುಳಗಳು ನೆನಪಿಗೆ ಬಂದವು. ತೆರೆ ಕಪ್ಪಾಯಿತು.

ಪ್ರವೀಣಕುಮಾರ್ ನನ್ನ ಹೆಗಲ ಚೀಲವನ್ನು ಮೆಟ್ಟಿಲ ಮೇಲೆ ಎಸೆದ. "ಮುದಿಯಾ, ಈ ಕಡಿ ಕಾಲಿಟ್ರ ನೋಡು!" ಎಂದ. ಅದು ಉರುಳುತ್ತ ಹೋಗಿ ಯೂರಿಯಾ ಚೀಲಗಳ ಮೇಲೆ ಬಿತ್ತು.

ಜುಲೈ 16, ಬುಧವಾರ

ಆರು ಜನ ಬಿಟ್ಟುಬಂದಿದ್ದಾರೆ. ಗೀತಾಂಜಲಿ ಮತ್ತು ಇನ್ನೊಬ್ಬಳು ಒಪ್ಪಿದ್ದಾರೆ. ಗೀತಾಂಜಲಿಗೆ ಫೋನ್ ಮಾಡಿ ಬೈದೆ.

"ನನಗ ಆವತ್ತ ತಿಳಿದಿತ್ರಿ ಸರ, ಮೊದಲನೇ ಸಲ ಹೇಳಿದಾಗನ. ತಿಳಿದ ಹೊಂಟೀನಿ. ನಮ್ಮ ಮನ್ಯಾಗಿಂದ ಹೊರಗ ಬೀಳಾಕ ನನಗ ಬ್ಯಾರೆ ಬಾಗಲ ಇಲ್ರಿ. ಪಾಸ್‌ಪೋರ್ಟ್ ಅವರು ಇಟ್ಕೊಂಡ್ರ ಏನು, ಇಲ್ಲಿ ನಮ್ಮಪ್ಪ ಇಟ್ಕೊಂಡಾನ."

ಚಂದನಾಳ ನಂಬರ್ ಕೊಟ್ಟೆ, ಅಲ್ಲಿ ಏನಾದರೂ ಆದರೆ ಕರೆ ಮಾಡು ಎಂದೆ.

ಜುಲೈ 30, ಬುಧವಾರ

ಪ್ರವೀಣಕುಮಾರ್ ಊರೆಲ್ಲ ಹೇಳಿಕೊಂಡು ಬರುತ್ತಿದ್ದಾನೆ, ಗುರುಶಾಂತಪ್ಪನಿಗೆ ಅರಳು ಮರಳು, ಆರು ಮಂದಿಯ ಅನ್ನ ಕಿತ್ತುಕೊಂಡ ಎಂದು. ಬ್ಯಾಂಕಿನಲ್ಲಿ ಇವತ್ತು ಯಾರೂ ಎದ್ದು ನಿಲ್ಲಲಿಲ್ಲ.

ಆಗಸ್ಟ್ 18, ಸೋಮವಾರ

ಚಂದನಾ ಹರಪನಹಳ್ಳಿಯಲ್ಲಿ ತಮ್ಮ ಮನೆಯ ಪಡಸಾಲೆಯಲ್ಲೇ ಕ್ಲಾಸು ಶುರು ಮಾಡಿದ್ದಾಳೆ. ಬಿಟ್ಟುಬಂದ ಆರು ಜನ, ಮತ್ತೆ ಹೊಸಬರು ಕೆಲವರು. ಏಜೆಂಟ್ ಇಲ್ಲ, ಶಾಲೆಗಳಿಗೇ ನೇರ ಅರ್ಜಿ.

ಅವಳೇ ಫೋನ್ ಮಾಡಿದಳು. "ಅರ್ಜಿ ಬರೆಯಕ್ಕೆ ಇಂಗ್ಲಿಷ್ ಗಟ್ಟಿ ಇರೋರು ಬೇಕು. ಬೇರೆ ಯಾರೂ ಸಿಗಲಿಲ್ಲ, ಅದಕ್ಕೆ ಕೇಳ್ತಿದೀನಿ" ಎಂದಳು.

"ಬ್ಯಾರೆ ಯಾರೂ ಕರೀಲಿಲ್ಲ, ಅದಕ್ಕ ಬರ್ತೀನಿ" ಎಂದೆ.

ಹೋದೆ. ಬಸ್ಸಿನಲ್ಲಿ ನಡು ಮುರಿಯಿತು. ಫ್ಯಾನು ಕಿರುಗುಟ್ಟುತ್ತದೆ. ಚಹಾಕ್ಕೆ ಸಕ್ಕರೆ ಸುರಿಯುತ್ತಾರೆ. ನಾನು ಹೇಳಿದ್ದಕ್ಕೆಲ್ಲ ಅವಳದೊಂದು ಅಡ್ಡ ಮಾತು. ಬಹುವಚನದ ಬಗ್ಗೆ ಜಗಳವಾಡಿದೆವು, ನಾನು ಗೆದ್ದೆ. ಕುರ್ಚಿಗಳ ಬಗ್ಗೆ ಜಗಳವಾಗಲಿಲ್ಲ.

ಒಬ್ಬ ಹೊಸಬಳು ವಾಕ್ಯದ ನಡುವೆ ಸಿಕ್ಕಿಕೊಂಡು ನನ್ನ ಮುಖ ನೋಡಿದಳು. ನಾನು ಕಾದೆ. ಬಹಳ ಹೊತ್ತು ಹಿಡಿಯಿತು ಅವಳಿಗೆ. ನಾನು ನಾಳೆಯೂ ಬರಬೇಕಂತೆ.

ನವೆಂಬರ್ 26, ಬುಧವಾರ

ಓಬಮ್ಮನಿಗೆ ಒಂದು ದ್ವೀಪದ ಶಾಲೆಯಲ್ಲಿ ಕೆಲಸವಾಗಿದೆ. ಮುಂದಿನ ವಾರ ಹೊರಡುತ್ತಾಳೆ. ಇವತ್ತು ಮನೆಗೆ ಬಂದಿದ್ದಳು. ಅಣ್ಣ ರಾಮಾಂಜಿನಿ ಜೊತೆಗೆ ಬಂದಿದ್ದ. ಚಪ್ಪಲಿ ದೂರ ಬಿಟ್ಟು ಜಗಲಿಯ ತುದಿಯಲ್ಲಿ ನಿಂತ. ಒಳಗೆ ಬಾರಪ್ಪ ಎಂದರೂ ಬರಲಿಲ್ಲ. ನನ್ನನ್ನು ನೋಡಿದ ನೋಟದಲ್ಲೇ ತಿಳಿಯಿತು, ನಾನಾಡಿದ ಕುರಿಯ ಮಾತು ಅವನಿಗೆ ಗೊತ್ತಿತ್ತು. ಶಿವಬಸಮ್ಮ ಅಲ್ಲಿಗೇ ಮಂಡಕ್ಕಿ, ಚಹಾ ತಂದುಕೊಟ್ಟಳು. ಕುಡಿದ.

ಓಬಮ್ಮ ಶಿವಬಸಮ್ಮನ ಕಾಲಿಗೆ ನಮಸ್ಕರಿಸಿದಳು. ನನಗೂ ಬಗ್ಗುತ್ತಾಳೆಂದುಕೊಂಡು ಏನು ಹೇಳಬೇಕೆಂದು ಯೋಚಿಸುತ್ತಿದ್ದೆ. ಅವಳು ನನ್ನೆದುರಿಗೆ ನೆಟ್ಟಗೆ ನಿಂತಳು. ಏನೋ ಹೇಳಲು ಬಂದವಳು, ಉಸಿರು ತಗೊಂಡು, ಅವಸರವಿಲ್ಲದೆ ಹೇಳಿದಳು.

"ಐ ಆಮ್ ಸ್ಟಿಲ್ ಆಂಗ್ರಿ ವಿತ್ ಯೂ, ಸರ್."

ಹೇಳಿ ನನ್ನ ಮುಖವನ್ನೇ ನೋಡುತ್ತ ನಿಂತಳು. ನಾನು ತಲೆಯಾಡಿಸಲಿಲ್ಲ. ಅರ್ಥವಾಗಿತ್ತು.

ಅಣ್ಣತಂಗಿ ಬಸ್ ಸ್ಟ್ಯಾಂಡಿನ ಕಡೆ ಹೋದರು. ತಿರುವು ದಾಟುವವರೆಗೆ ಜಗಲಿಯಲ್ಲೇ ಇದ್ದೆ.

"ಏನಂದ್ಲ್ರಿ ಆಕಿ?" ಎಂದು ಶಿವಬಸಮ್ಮ ಕೇಳಿದಳು. ಕನ್ನಡದಲ್ಲಿ ಹೇಳಲಿಲ್ಲ.

ಈ ಸೀಮೆಯಲ್ಲಿ ನಾನು ಕಲಿಸಿದವರೆಲ್ಲ ಸಿಟ್ಟು ಬಂದರೆ 'ಆಂಗ್ರಿ ಆನ್' ಅನ್ನುತ್ತಾರೆ. ಎಷ್ಟು ತಿದ್ದಿದರೂ 'ಆನ್' ಹೋಗುವುದಿಲ್ಲ. ಅವಳು 'ವಿತ್' ಎಂದಳು. 'ಸ್ಟಿಲ್' ಅದರ ಜಾಗದಲ್ಲಿ ಇತ್ತು. ಕ್ರಿಯಾಪದ ಇತ್ತು, ಕಾಲ ಸರಿಯಿತ್ತು.

ಆಗಿನಿಂದ ನೋಡುತ್ತಿದ್ದೇನೆ. ಆ ವಾಕ್ಯದಲ್ಲಿ ಒಂದೇ ಒಂದು ತಪ್ಪಿಲ್ಲ.